ಗುದ್ದಿದವನು ನಿಲ್ಲಬೇಕು

ನನ್ನ ಸ್ಕೂಟರಿನ ಟ್ಯಾಂಕು ತುಂಬಿತ್ತು. ಈ ಮಾತನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಒಪ್ಪಿಕೊಳ್ಳಬೇಕಾದದ್ದು ಇನ್ನೂ ಇದೆ. ಟ್ಯಾಂಕು ತುಂಬಿದ್ದರೂ ಆ ಮಂಗಳವಾರ ಮಧ್ಯಾಹ್ನ, ನಾನು ಮಲಗಿ ಏಳಬೇಕಾದ ಎರಡರಿಂದ ಎರಡೂವರೆಯ ಅವಧಿಯಲ್ಲಿ, ಕೊಪ್ಪಳದ ಹೊರಗೆ ಗಂಗಾವತಿ ರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ಅರುವತ್ತೊಂದನೆಯವನಾಗಿ ನಿಂತಿದ್ದೆ. ಅರುವತ್ತೊಂದು ಎಂದು ಹೇಗೆ ಗೊತ್ತು ಎಂದು ಕೇಳಬೇಡಿ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ಸಾಲು ಕಂಡರೆ ಎಣಿಸದೆ ಇರಲಾರ. ಮದುವೆ ಮನೆಯ ಊಟದ ಪಂಕ್ತಿಯನ್ನೂ ಎಣಿಸುತ್ತೇನೆ. ಒಮ್ಮೆ ಯಾರದೋ ಮಣ್ಣಿಗೆ ಹೋದಾಗ ಹೆಣದ ಹಿಂದೆ ಬರುವವರನ್ನು ಎಣಿಸುತ್ತಿದ್ದುದನ್ನು ಹೆಂಡತಿ ನೋಡಿ, ಮನೆಗೆ ಬಂದ ಮೇಲೆ ಎರಡು ದಿನ ಮಾತು ಬಿಟ್ಟಿದ್ದಳು.

ನಿವೃತ್ತನಾಗಿ ಒಂಬತ್ತು ವರ್ಷವಾದರೂ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನನ್ನ ವೇಳಾಪಟ್ಟಿ ಇದೆ. ಐದಕ್ಕೆ ಏಳುವುದು. ಆರು ಇಪ್ಪತ್ತಕ್ಕೆ ಸ್ಕೂಟರು. ಆರೂವರೆಗೆ ಮೈದಾನ, ಅಲ್ಲಿ ಹದಿನಾಲ್ಕು ಜನ ಹಿರಿಯರಿಗೆ ಕೈಕಾಲು ಆಡಿಸುವುದನ್ನು ಹೇಳಿಕೊಡುತ್ತೇನೆ. ಎಂಟಕ್ಕೆ ತಿಂಡಿ. ಭಾನುವಾರ ಒಂಬತ್ತಕ್ಕೆ ಸ್ಕೂಟರ್ ತೊಳೆಯುವುದು. ತಿಂಗಳ ಮೊದಲ ಸೋಮವಾರ ಪೆಟ್ರೋಲು. ನನ್ನ ಹೆಂಡತಿ ಸುಶೀಲಾ ಇದಕ್ಕೆ ರೈಲ್ವೆ ಪಟ್ಟಿ ಎಂದು ಹೆಸರಿಟ್ಟಿದ್ದಾಳೆ. “ಒಂದ ವ್ಯತ್ಯಾಸ, ರೈಲು ಒಮ್ಮೊಮ್ಮಿ ಬರೂದಿಲ್ಲ. ನೀವು ದಿನಾ ಬರ್ತೀರಿ,” ಎನ್ನುತ್ತಾಳೆ. ಹಿಂದಿನ ದಿನವೇ ತಿಂಗಳ ಮೊದಲ ಸೋಮವಾರ. ಪಟ್ಟಿಯ ಪ್ರಕಾರ ಪೆಟ್ರೋಲು ತುಂಬಿಸಿ, ಮುಚ್ಚಳ ಭದ್ರ ಮಾಡಿ, ಬಟ್ಟೆಯಿಂದ ಒರೆಸಿಯೂ ಆಗಿತ್ತು. ಹಾಗಿದ್ದ ಮೇಲೆ ಅಲ್ಲಿ ನಿಂತದ್ದೇಕೆ? ಉಳಿದ ಅರುವತ್ತು ಜನ ನಿಂತಿದ್ದರು, ಅದಕ್ಕೆ.

ಆ ಹೊಸ ವರ್ಷದ ಮೊದಲ ವಾರ ನಿಮಗೂ ನೆನಪಿರಬಹುದು. ಸರ್ಕಾರ ಹೊಸ ಕಾನೂನು ತಂದಿತ್ತು. ವಾಹನ ಗುದ್ದಿಸಿ ಮನುಷ್ಯ ಸತ್ತಾಗ ಪೊಲೀಸರಿಗೆ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಜೈಲು. ಲಾರಿ ಚಾಲಕರು ಇದನ್ನು ಒಪ್ಪದೆ ಲಾರಿ ನಿಲ್ಲಿಸಿದರು. ನಮ್ಮ ಬೈಪಾಸಿನ ಅಂಚಿಗೆ ಲಾರಿಗಳ ಸಾಲು. ಅದರ ತುದಿಗೆ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ, ಬಟ್ಟೆಯ ಮೇಲೆ ತಮ್ಮ ಬೇಡಿಕೆ ಬರೆದು ಕಟ್ಟಿ, ನಲವತ್ತು ಚಾಲಕರು ಕೂತರು. ಪೆಟ್ರೋಲ್ ಟ್ಯಾಂಕರುಗಳನ್ನು ಓಡಿಸುವವರೂ ಚಾಲಕರೇ ಎಂಬುದು ಜನಕ್ಕೆ ಹೊಳೆಯಲು ಅರ್ಧ ದಿನ ಹಿಡಿಯಿತು. ಹೊಳೆದ ಮೇಲೆ ಚಾಲಕರು ಏನು ಕೇಳುತ್ತಿದ್ದಾರೆ ಎಂದು ಯಾರೂ ವಿಚಾರಿಸಲಿಲ್ಲ. ಎಲ್ಲರೂ ಕ್ಯಾನು ಹುಡುಕಿದರು.

ಒಂದು ಊರಿನವರು ಯಾವುದಕ್ಕೆ ಹೆದರುತ್ತಾರೆ ಎಂದು ತಿಳಿಯಬೇಕಾದರೆ ಲಾರಿ ನಿಂತ ದಿನ ಅವರ ಚೀಲದೊಳಗೆ ನೋಡಬೇಕು. ಗಂಗಾವತಿಯಿಂದ ನನ್ನ ಹೆಂಡತಿಯ ತಮ್ಮ ಫೋನು ಮಾಡಿ ಎರಡು ಚೀಲ ಅಕ್ಕಿ ತಂದಿಟ್ಟೆನೆಂದು ಹೇಳಿದ. ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ, ಬೀದಿಗೊಂದು ಅಕ್ಕಿ ಗಿರಣಿ ಇರುವ ಊರು ಅದು. ಅಲ್ಲಿ ಲಾರಿ ನಿಂತರೆ ಅಕ್ಕಿ ಹೊರಗೆ ಹೋಗದೆ ಗುಡ್ಡೆ ಬೀಳುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹೇಳಿದೆ. “ಅದು ಖರೇ ಮಾಮಾ, ಆದ್ರ ಎಲ್ಲಾರೂ ಒಯ್ಯಾಕ ಹತ್ಯಾರ,” ಎಂದ. ಯಲಬುರ್ಗಾದಲ್ಲಿರುವ ನನ್ನ ಅಕ್ಕ ಹನ್ನೆರಡು ಪೊಟ್ಟಣ ಉಪ್ಪು ತರಿಸಿದಳು. ಅವಳ ರಕ್ತದೊತ್ತಡಕ್ಕೆ ಡಾಕ್ಟರು ಉಪ್ಪು ಬಿಡಿಸಿ ನಾಲ್ಕು ವರ್ಷವಾಗಿದೆ. ಕುಷ್ಟಗಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ, ಕನ್ನಡ ಪಂಡಿತರು, ಪೆಟ್ರೋಲು ಅಕ್ಕಿ ಏನನ್ನೂ ಚಿಂತಿಸದೆ ನಶ್ಯದ ಡಬ್ಬಿ ಎಂಟು ತಂದಿಟ್ಟುಕೊಂಡು ನಿಶ್ಚಿಂತರಾದರು. ಇವರನ್ನೆಲ್ಲ ನೆನೆದು ನಾನು ನಕ್ಕೆ. ನಗುತ್ತಾ ಸ್ಕೂಟರ್ ಹೊರಗೆ ತೆಗೆದು ಬಂಕಿಗೆ ಹೋದೆ.

ಹೋದವನು ಸುಮ್ಮನೆ ನಿಲ್ಲಲಿಲ್ಲ. ಸಾಲು ಸೊಟ್ಟಗಿತ್ತು. ನಮ್ಮ ಕಡೆ ಸಾಲಿಗೆ ಪಾಳಿ ಅನ್ನುತ್ತೇವೆ. ಪಾಳಿ ಹಚ್ಚುವುದೆಂದರೆ ನಮ್ಮವರಿಗೆ ಕಾಮನಬಿಲ್ಲಿನ ಹಾಗೆ ಬಾಗಿ, ತುದಿಗೆ ಬಂದಾಗ ಹೂಗುಚ್ಛದ ಹಾಗೆ ಅರಳುವುದು. ನನ್ನ ಕೀಲಿ ಗೊಂಚಲಿನಲ್ಲಿ ಸೀಟಿ ಇದೆ. ಊದಿಬಿಟ್ಟೆ. ಐವತ್ತು ವರ್ಷದ ಮನುಷ್ಯರು, ಹೊಟ್ಟೆ ಬಂದವರು, ವ್ಯಾಪಾರಸ್ಥರು, ತಟ್ಟನೆ ನೆಟ್ಟಗಾದರು. ಅರ್ಧ ಕೊಪ್ಪಳ ನನ್ನ ಕೈಕೆಳಗೆ ಓಡಿದ್ದು. “ದ್ವಿಚಕ್ರ ಎಡಕ್ಕೆ! ಕ್ಯಾನು ಹಿಡಿದವರು ಬಲಕ್ಕೆ!” ಹತ್ತು ನಿಮಿಷದಲ್ಲಿ ಪಾಳಿ ಗೆರೆ ಎಳೆದ ಹಾಗೆ ನಿಂತಿತು. ಆ ಸಂತೋಷದಲ್ಲಿ ನನ್ನ ಸರದಿ ಬಂದದ್ದೇ ಗೊತ್ತಾಗಲಿಲ್ಲ. ಬಂಕಿನವನು ಮುಚ್ಚಳ ತೆಗೆದು ನೋಡಿ, ಪೈಪನ್ನು ಹಾಗೇ ಎತ್ತಿ ಹಿಡಿದು, “ಸರ, ಎಲ್ಲಿಗೆ ಹಾಕ್ಲಿರಿ?” ಎಂದು ಕೇಳಿದ. ಹಿಂದೆ ನಿಂತವರು ಕೇಳಿಸಿಕೊಂಡರು. ನಾನು, “ಪರೀಕ್ಷೆ ಮಾಡಿಸಾಕ ಬಂದಿದ್ದೆ,” ಎಂದು ಏನೋ ಹೇಳಿ ಸ್ಕೂಟರ್ ತಳ್ಳಿಕೊಂಡು ರಸ್ತೆ ದಾಟಿದೆ.

ದಾಟಿದರೆ ಬಸಣ್ಣನ ಚಹದಂಗಡಿ. ಅಲ್ಲಿ ಹತ್ತಾರು ಜನ ಸೇರಿ ಚಾಲಕರನ್ನು ವಿಚಾರಣೆ ಮಾಡುತ್ತಿದ್ದರು. ನಮ್ಮ ಭಾಗದಲ್ಲಿ ಜಗಳಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ನಿಜಾಮರ ಕಾಲದವರು ಉರ್ದುವಿನಲ್ಲಿ ಕೊಟ್ಟುಹೋಗಿದ್ದಾರೆ: ತಕರಾರು, ಫಿರ್ಯಾದಿ, ಜವಾಬು, ಜಾಮೀನು, ಫೈಸಲಾ. ರಾಜಿಯೂ ಅಲ್ಲಿಂದಲೇ ಬಂದದ್ದು, ಆದರೆ ಅದನ್ನು ಕಡೆಗೆ ತೆಗೆಯುತ್ತೇವೆ. ಬಸಣ್ಣನ ಅಂಗಡಿಯಲ್ಲಿ ತಕರಾರಿನಿಂದ ನೇರ ಫೈಸಲಾಕ್ಕೆ ಬಂದಾಗಿತ್ತು. ಡ್ರೈವರುಗಳದ್ದೇ ತಪ್ಪು. ಮೂಲೆಯಲ್ಲಿ ಖಾಕಿ ಅಂಗಿ ತೊಟ್ಟ ಒಬ್ಬನು ಮಾತ್ರ ದೊಡ್ಡ ಕೆಟ್ಲಿಗೆ ಚಹ ತುಂಬಿಸಿಕೊಳ್ಳುತ್ತಾ ಬಾಯಿ ಮುಚ್ಚಿಕೊಂಡು ನಿಂತಿದ್ದ. ನನ್ನನ್ನು ಕಂಡು ಕೆಟ್ಲಿ ಕೆಳಗಿಟ್ಟು ಕೈಮುಗಿದ. ಮೆಹಬೂಬ. ನನ್ನ ಹಳೆಯ ವಿದ್ಯಾರ್ಥಿ. ನಾನೂರು ಮೀಟರ್ ಓಟದಲ್ಲಿ ಜಿಲ್ಲೆಗೆ ಎರಡನೆಯವನು, ನನ್ನಿಂದ ಕಿವಿ ಹಿಂಡಿಸಿಕೊಳ್ಳುವುದರಲ್ಲಿ ಶಾಲೆಗೇ ಮೊದಲನೆಯವನಾಗಿದ್ದವನು. ಈಗ ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಾನೆ. ಬೇವಿನ ಮರದ ಕೆಳಗೆ ಕೂತ ನಲವತ್ತು ಜನರಿಗೆ ಚಹ ಒಯ್ಯುವುದು ಅವನ ಪಾಲಿನ ಕೆಲಸ.

“ನೀನೂ ಕುಂತೀಯೇನು ಅಲ್ಲಿ?” ಎಂದೆ.

“ಹೌದ್ರಿ ಸರ.”

“ಏನು ತಪ್ಪೈತಿ ಕಾನೂನಿನಾಗ? ಗುದ್ದಿದವನು ನಿಲ್ಲಬೇಕು. ನಿಂತು ಪೊಲೀಸರಿಗೆ ಫೋನ್ ಮಾಡಬೇಕು. ಅಷ್ಟ. ಇದಕ್ಕೇನು ಪಂಡಿತರು ಬೇಕೇನು?”

ಜನ ತಲೆಯಾಡಿಸಿದರು. ಬಸಣ್ಣ ನನ್ನ ಚಹಕ್ಕೆ ಕೇಳದೆ ಏಲಕ್ಕಿ ಹಾಕಿದ.

“ನಿಂದ್ರಬೇಕು ಖರೇರಿ ಸರ,” ಎಂದ ಮೆಹಬೂಬ. “ನಿಂತ್ರ ಬಡೀತಾರ. ಯಾರು ತಪ್ಪು ಅಂತ ಕೇಳೂದಿಲ್ರಿ. ದೊಡ್ಡ ಗಾಡಿ ಯಾರದು ಅಂತ ನೋಡ್ತಾರ, ಬಡೀತಾರ.”

“ತಪ್ಪು ಮಾಡದಿದ್ರ ಯಾರು ಯಾಕ ಬಡೀತಾರ?”

ಅವನು ನಕ್ಕ. “ನಾನೂ ಒಮ್ಮೆ ಓಡೀನ್ರಿ. ಹತ್ತು ವರ್ಷದ ಹಿಂದ, ತಾವರಗೇರಾ ಕಡೆ. ಒಬ್ಬಾಂವ ಸೈಕಲ್ ಅಡ್ಡ ತಂದ. ಆಸ್ಪತ್ರಿಗೆ ಕಳಿಸೂ ಹೊತ್ತಿಗೆ ಜನ ಬಂದ್ರು. ಹೊಲದಾಗ ಬಿದ್ದು ಓಡಿದೆ. ಠಾಣಾದಾಗ ಹೋಗಿ ಕುಂತೆ. ಅವ ಉಳದ, ನಾನೂ ಉಳದೆ. ನಮ್ಮ ಲೈನಿನಾಗ ಗಾಡಿ ಕಲಿಸೂಕಿಂತ ಮೊದ್ಲ ಠಾಣಾ ಕಲಿಸ್ತಾರ್ರಿ. ಅಳವಂಡಿ, ಕುಕನೂರು, ಯಲಬುರ್ಗಾ, ಕುಷ್ಟಗಿ, ತಾವರಗೇರಾ, ಯಾವ ರಸ್ತೆದಾಗ ಹೊಂಟ್ರೂ ಮುಂದಿನ ಠಾಣಾ ಎಷ್ಟು ದೂರ ಅಂತ ತಲ್ಯಾಗ ಇರಬೇಕು.”

“ಓಡಿದ್ದನ್ನ ಮತ್ತ ದೊಡ್ಡಸ್ತಿಕಿಲೆ ಹೇಳ್ತಾನ ನೋಡ್ರಿ,” ಎಂದ ಯಾರೋ. ನಾನು ಚಹ ಮುಗಿಸಿ ಲೋಟ ಕೆಳಗಿಟ್ಟು, “ನಿಲ್ಲುವ ಧೈರ್ಯ ಇದ್ದವನು ಓಡುವುದಿಲ್ಲ ಮೆಹಬೂಬ,” ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎನಿಸಿತೆಂದರೆ, ಮನೆಗೆ ಬಂದು ಅದೇ ವಾಕ್ಯವನ್ನು ಮೈದಾನದ ಹಿರಿಯರ ‘ಮುಂಜಾನೆ ಬಳಗ’ದ ವಾಟ್ಸಾಪಿಗೂ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂದವು. ಅವನ್ನೂ ಎಣಿಸಿದೆ.

ಆವತ್ತು ಸಂಜೆ ಬಳಗದಲ್ಲಿ ಇನ್ನೊಂದು ಸುದ್ದಿ ಬಂತು: ನಿಲ್ಲಿಸಿದ ಗಾಡಿಗಳಿಂದ ಪೆಟ್ರೋಲು ಕದಿಯುತ್ತಿದ್ದಾರೆ. ಎಲ್ಲಿ, ಯಾರದು ಎಂದು ಇರಲಿಲ್ಲ. ನನಗೆ ಬೇಕೂ ಆಗಲಿಲ್ಲ. ಹೆಂಡತಿಯ ತಕರಾರಿನ ನಡುವೆಯೇ ಹಲಗೆ ಇಟ್ಟು ಸ್ಕೂಟರನ್ನು ಮೂರು ಮೆಟ್ಟಿಲು ಹತ್ತಿಸಿ ನಡುಮನೆಯಲ್ಲಿ ನಿಲ್ಲಿಸಿದೆ. “ಹಾಸಿಗಿ ಹಾಸಲೇನು ಇದಕ್ಕ?” ಎಂದಳು ಸುಶೀಲಾ.

ಹತ್ತಿಸಿದ್ದನ್ನು ಇಳಿಸಬೇಕು ಎಂಬುದು ವೇಳಾಪಟ್ಟಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಹಲಗೆ ಜಾರಿತು, ಸ್ಕೂಟರ್ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಮನೆ ಬಿಟ್ಟಾಗ ಆರು ಇಪ್ಪತ್ತನಾಲ್ಕು. ನಾಲ್ಕು ನಿಮಿಷ ತಡವಾದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ತಡವಾಗಿ ಬಂದವರನ್ನು ಮೂವತ್ತಮೂರು ವರ್ಷ ಮೈದಾನ ಸುತ್ತು ಹಾಕಿಸಿದವನನ್ನು ಹಾಗೆ ಕೇಳಬಾರದು. ಹೊತ್ತು ಇನ್ನೂ ಪೂರಾ ಹರಿದಿರಲಿಲ್ಲ, ತಣ್ಣಗೆ ಮಂಜು ಇತ್ತು, ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಸುಕಾಗಿತ್ತು. ಬಸಣ್ಣನ ಅಂಗಡಿಗಿಂತ ಸ್ವಲ್ಪ ಹಿಂದಿನ ತಿರುವಿನಲ್ಲಿ ಯಾವಾಗಲೂ ನಿಧಾನ ಮಾಡುವವನು ಆವತ್ತು ಮಾಡಲಿಲ್ಲ. ಹಾಲಿನ ಯಮನೂರಪ್ಪ ಎರಡು ಕ್ಯಾನು ಕಟ್ಟಿದ ಸೈಕಲ್ಲಿನ ಮೇಲೆ ಓಣಿಯಿಂದ ಹೊರಗೆ ಬಂದ. ನನ್ನ ಹ್ಯಾಂಡಲು ಅವನ ಕ್ಯಾನಿಗೆ ತಾಗಿತು. ಶಬ್ದ ದೊಡ್ಡದಲ್ಲ. ಶಾಲೆಯ ಗಂಟೆ ಒಮ್ಮೆ ಬಾರಿಸಿದ ಹಾಗೆ.

ಇಪ್ಪತ್ತು ಅಡಿ ಮುಂದೆ ಹೋಗಿ ನಿಂತೆ. ಹೌದು, ನಿಂತೆ, ಇದನ್ನು ನನ್ನ ಪರವಾಗಿ ಹೇಳಿಕೊಳ್ಳಬೇಕು. ಒಂದು ಕಾಲು ನೆಲಕ್ಕೆ ಊರಿ, ಆಗಷ್ಟೇ ಬಿರುಕು ಬಿಟ್ಟ ಕನ್ನಡಿಯಲ್ಲಿ ಹಿಂದೆ ನೋಡಿದೆ. ಡಾಂಬರಿನ ಮೇಲೆ ಹಾಲು ಹರಿಯುತ್ತಿತ್ತು. ಸೈಕಲ್ಲಿನ ಗಾಲಿ ತಿರುಗುತ್ತಿತ್ತು. ಯಮನೂರಪ್ಪ ಮಕಾಡೆ ಬಿದ್ದಿದ್ದ. ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕಿನ ದೀಪ ಬಂದು ಅವನ ಹತ್ತಿರ ನಿಂತಿತು. ಯಾರೋ ಇಳಿದು ನನ್ನ ಕಡೆ ಕೈ ಬೀಸಿ ಕೂಗಿದರು. ಅಂಗಡಿಯ ಕಡೆಯಿಂದಲೂ ಕಾಲಸಪ್ಪಳ. ಆಕ್ಸಿಲರೇಟರಿನ ಮೇಲಿದ್ದ ನನ್ನ ಬಲಗೈ ತಿರುಗಿತು. ನಾನು ತಿರುಗಿಸಿದೆ ಎಂದು ಬರೆಯಬೇಕು; ಬರೆಯಲು ಕೈ ಹಿಂಜರಿಯುತ್ತದೆ. ಮೈದಾನದಲ್ಲಿ ಹದಿನಾಲ್ಕು ಜನ ಕಾಯುತ್ತಾರೆ ಎಂದುಕೊಂಡೇ ಹೋದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆದರೆ ಮೈದಾನಕ್ಕೆ ಹೋಗಲಿಲ್ಲ. ಮೊದಲ ಓಣಿ ಹಿಡಿದು ಮನೆಗೆ ಬಂದೆ. ನಲವತ್ತು ವರ್ಷದಲ್ಲಿ ಸ್ಕೂಟರನ್ನು ಅಷ್ಟು ಜೋರು ಓಡಿಸಿರಲಿಲ್ಲ.

ತಪ್ಪು ಮಾಡಿದವನು ಏನು ಮಾಡುತ್ತಾನೆ ಎಂದು ಪತ್ತೇದಾರಿ ಕತೆಗಳಲ್ಲಿ ಓದಿದ್ದೆ. ಬೆವರುತ್ತಾನೆ, ನೀರು ಕುಡಿಯುತ್ತಾನೆ. ನಾನು ಬಕೆಟ್ಟು ಹಿಡಿದು ಸ್ಕೂಟರ್ ತೊಳೆಯಲು ಕೂತೆ. ಕಾಲಿಡುವ ಜಾಗದಲ್ಲಿ ಹಾಲು ಸಿಡಿದಿತ್ತು. ಉಜ್ಜುತ್ತಿದ್ದಾಗ ಸುಶೀಲಾ ಬಾಗಿಲಿಗೆ ಬಂದು ನಿಂತಳು.

“ಇವತ್ತು ಬುಧವಾರ,” ಎಂದಳು.

“ಗೊತ್ತು.”

“ಏನು ಮಾಡಿ ಬಂದ್ರಿ?”

ಮದುವೆಯಾಗಿ ಮೂವತ್ತೆಂಟು ವರ್ಷ ಪಟ್ಟಿಯ ಪ್ರಕಾರ ಬದುಕಿದವನಿಗೆ ಸುಳ್ಳು ಹೇಳುವ ಸೌಕರ್ಯವೂ ಇಲ್ಲ. ಬುಧವಾರ ಸ್ಕೂಟರ್ ತೊಳೆದರೆ ಸಾಕು, ಹೆಂಡತಿಗೆ ಪಂಚನಾಮೆ ಮುಗಿದ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಕಿಸೆಯಲ್ಲಿ ಫೋನು ಗುಣುಗುಟ್ಟಿತು. ಮುಂಜಾನೆ ಬಳಗ. ಒಂದು ಫೋಟೋ. ಮಗುಚಿದ ಸೈಕಲ್ಲು, ಅದರ ಪಕ್ಕ ಒಂದು ಬೈಕು, ಬೈಕಿನ ಪಕ್ಕ ನೆಲದ ಮೇಲೆ ಕೂರಿಸಿದ ಖಾಕಿ ಅಂಗಿಯ ಮನುಷ್ಯ. ಕೆಳಗೆ ಬರೆದಿತ್ತು: ‘ಮುಷ್ಕರದ ಲಾರಿ ಡ್ರೈವರ್ ಹಾಲಿನವನಿಗೆ ಗುದ್ದಿ ಓಡುವಾಗ ಸಿಕ್ಕಿಬಿದ್ದ. ಎಲ್ಲರಿಗೂ ಕಳಿಸಿ.’ ಅದರ ಕೆಳಗೆ ನಮ್ಮ ಬಳಗದ ಒಬ್ಬ ಹಿರಿಯರು ನನ್ನ ಹಿಂದಿನ ದಿನದ ವಾಕ್ಯವನ್ನೇ ಎತ್ತಿ ಹಾಕಿ, ‘ನಮ್ಮ ಮಾಸ್ತರು ನಿನ್ನೆಯೇ ಹೇಳಿದ್ದರು’ ಎಂದು ಬರೆದಿದ್ದರು.

ಖಾಕಿ ಅಂಗಿಯವನು ಮೆಹಬೂಬ. ಒಂದು ಕೆನ್ನೆ ಊದಿತ್ತು.

ಕನ್ನಡಿಯಲ್ಲಿ ಕಂಡ ಬೈಕಿನ ದೀಪ ಅವನದೇ. ಬೆಳಗಿನ ಚಹ ಒಯ್ಯಲು ಬಸಣ್ಣನಲ್ಲಿಗೆ ಬರುತ್ತಿದ್ದವನು ಬಿದ್ದ ಮುದುಕನನ್ನು ಕಂಡು ಇಳಿದು ಎತ್ತಲು ಹೋಗಿದ್ದಾನೆ. ಜನ ಬರುವ ಹೊತ್ತಿಗೆ ಅಲ್ಲಿದ್ದದ್ದು ಅವನೊಬ್ಬನೇ. ನಿಂತವನು ಅವನು, ಸಿಕ್ಕವನೂ ಅವನೇ. ಸುಶೀಲಾ ಫೋಟೋ ನೋಡಿದಳು, ಸ್ಕೂಟರ್ ನೋಡಿದಳು, ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡಳು. “ಎಂಟಕ್ಕ ತಿಂಡಿ ಅಂತ ಕಾಯೂದಿಲ್ಲ ನಾನು. ಹೋಗಿ ಬರ್ರಿ,” ಎಂದಳು.

ಮತ್ತೆ ಹೆಲ್ಮೆಟ್ ಹಾಕಿಕೊಂಡೆ. ಗದ್ದದ ಪಟ್ಟಿ ಬಿಗಿದು ಕೊಕ್ಕೆ ಹಾಕಿದೆ. ಒಂದು ಫರ್ಲಾಂಗು ದೂರ ಆವತ್ತು ಕುಷ್ಟಗಿಯಷ್ಟು ದೂರವಾಯಿತು. ಹೋಗುವಾಗ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಬೀಳುವ ಏಟಿಗೂ ಸಿದ್ಧನಾದೆ. ಗಾಡಿ ನಿಲ್ಲಿಸಿ ಕನ್ನಡಕ ತೆಗೆದು ಕಿಸೆಯಲ್ಲಿ ಇಟ್ಟುಕೊಂಡೆ. ಬಸಣ್ಣನ ಅಂಗಡಿಯ ಮುಂದೆ ಮೂವತ್ತೆಂಟು ಜನ ಇದ್ದರು. ಕನ್ನಡಕವಿಲ್ಲದೆ ಎಣಿಸಿದ್ದರಿಂದ ಒಂದೆರಡು ಹೆಚ್ಚು ಕಡಿಮೆ ಇರಬಹುದು. ಯಮನೂರಪ್ಪನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿಯಾಗಿತ್ತು. ಮೆಹಬೂಬ ನೆಲದ ಮೇಲೆ ಕೂತಿದ್ದ. ಅಂಗಿಯ ಗುಂಡಿ ಕಿತ್ತಿದ್ದವು. ಒಬ್ಬ ದಪ್ಪ ಮನುಷ್ಯ ಅವನ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡು ತಿರುಗಿಸುತ್ತಿದ್ದ.

“ಅವನನ್ನ ಬಿಡ್ರಿ,” ಎಂದೆ. “ಗುದ್ದಿದವನು ನಾನು.”

ಯಾರೋ ನಕ್ಕರು.

“ಸರ, ನಿಮ್ಮ ವಿದ್ಯಾರ್ಥಿ ಅಂತ ಗೊತ್ತೈತ್ರಿ ನಮಗ,” ಎಂದ ಕೀಲಿಯವನು. “ಹಂಗಂತ ಅವನ ಪಾಪ ನೀವ್ಯಾಕ ಹೊತ್ಕೋತೀರಿ?”

“ಗುರುಗಳ ಮನಸ್ಸು ನೋಡ್ರಿ,” ಎಂದ ಬಸಣ್ಣ, ಕಣ್ಣು ಒರೆಸಿಕೊಳ್ಳುತ್ತಾ.

ಇದಕ್ಕೆ ನಾನು ಸಿದ್ಧನಾಗಿರಲಿಲ್ಲ. ಅಪರಾಧ ಒಪ್ಪಿಕೊಳ್ಳುವುದು ಕಷ್ಟ ಎಂದು ಗೊತ್ತಿತ್ತು. ಒಪ್ಪಿಸುವುದು ಅದಕ್ಕಿಂತ ಕಷ್ಟ ಎಂದು ಗೊತ್ತಿರಲಿಲ್ಲ. ಬಿರುಕು ಬಿಟ್ಟ ಕನ್ನಡಿ ತೋರಿಸಿದೆ. “ಹಳೇ ಗಾಡಿ, ಒಡದಿರತೈತಿ,” ಎಂದರು. ಹ್ಯಾಂಡಲಿಗೆ ಹತ್ತಿದ ಕ್ಯಾನಿನ ಗೀರು ತೋರಿಸಿದೆ. ಕಡೆಗೆ ಕಾಲಿಡುವ ಜಾಗದ ರಬ್ಬರ್ ಹಾಸನ್ನೇ ಕಿತ್ತು ಎತ್ತಿ ಹಿಡಿದೆ. ಅದರ ಕೆಳಗೆ ತೊಳೆಯಲು ಪುರುಸೊತ್ತಾಗದ ಹಾಲು ಕೂತಿತ್ತು. “ಮೂಸಿ ನೋಡ್ರಿ!” ಎಂದು ಮೂವತ್ತೆಂಟು ಜನರ ಮುಂದೆ ಕೂಗಿದೆ. ಒಬ್ಬ ನಿಜವಾಗಿಯೂ ಬಗ್ಗಿ ಮೂಸಿದ. “ಹಾಲ ಐತ್ರಿ,” ಎಂದು ತೀರ್ಪು ಕೊಟ್ಟ.

ಈಗ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ.

ಕುರ್ಚಿ ಬಂತು. ಬಸಣ್ಣನ ಅಂಗಡಿಯಲ್ಲಿ ಕೈಯುಳ್ಳ ಕುರ್ಚಿ ಇರುವುದು ಒಂದೇ. ಅದನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎತ್ತಿ ತಂದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಇಟ್ಟರು. “ಕುಂದರ್ರಿ ಸರ, ಬೆವತೀರಿ.” “ಮಂಜು ಭಾಳ ಇತ್ತು ಬಿಡ್ರಿ, ನಿಮ್ಮದೇನು ತಪ್ಪು?” “ಆ ಯಮನೂರಪ್ಪನೂ ಹಂಗ ರೀ, ಹಿಂದ ಮುಂದ ನೋಡದ ಬರ್ತಾನ.” “ವಯಸ್ಸಾದ ಮ್ಯಾಲ ಗಾಬರಿ ಆಗತೈತಿ, ಸಹಜ.” ಓಡಿಹೋದೆನಲ್ಲ ಎಂದೆ. “ಓಡಿ ಹೋಗಿದ್ರ ಬರ್ತಿದ್ರೇನ್ರಿ? ಮನಿಗೆ ಹೋಗಿ ಬಂದ್ರಿ,” ಎಂದರು. ಅರ್ಧ ತಾಸಿನ ಹಿಂದೆ ಇದೇ ಕೆಲಸಕ್ಕೆ ಮೆಹಬೂಬನ ಕೆನ್ನೆಗೆ ಹೊಡೆದ ಕೈ ನನಗೆ ಚಹ ಹಿಡಿದು ನಿಂತಿತ್ತು. ಏಲಕ್ಕಿ ಹಾಕಿದ್ದರು.

ಕುರ್ಚಿಯಲ್ಲಿ ಕೂರಲಿಲ್ಲ. ಮೆಹಬೂಬನ ಪಕ್ಕ ನೆಲದ ಮೇಲೆ, ಮೊಣಕಾಲು ನೋವಿನಿಂದ ಮೂರು ಕಂತಿನಲ್ಲಿ ಕೂತೆ. “ಈಗ ನನ್ನ ಫೋಟೋ ತೆಗೀರಿ. ಬಳಗಕ್ಕೆ ಹಾಕ್ರಿ,” ಎಂದೆ. ಅಷ್ಟು ಫೋನುಗಳಿದ್ದವು; ಒಂದೂ ಮೇಲೇಳಲಿಲ್ಲ. ಕೀಲಿಯವನು ಕೀಲಿಯನ್ನು ನನ್ನ ಕೈಗೆ ಕೊಟ್ಟ, ಮೆಹಬೂಬನ ಕೈಗಲ್ಲ. ಕ್ಷಮಿಸು ಎಂಬ ಒಂದು ಮಾತು ಕೂಡ ಅವನ ದಿಕ್ಕಿಗೆ ಹೋಗಲಿಲ್ಲ. ಎಲ್ಲರಿಗೂ ಒಮ್ಮೆಲೇ ಹೊತ್ತಾಯಿತು.

ಆಸ್ಪತ್ರೆಯಲ್ಲಿ ಯಮನೂರಪ್ಪನ ಕಾಲಿಗೆ ಪಟ್ಟಿ ಸುತ್ತಿದ್ದರು. ಮೂಳೆ ಮುರಿದಿಲ್ಲ, ಪಾದದ ಕೀಲು ಉಳುಕಿದೆ, ಮೂರು ವಾರ ಓಡಾಡಬಾರದು ಎಂದಿದ್ದರು. ಮಂಚದ ಪಕ್ಕ ನಿಂತು, ಗುದ್ದಿದವನು ನಾನೆಂದು ಹೇಳಿದೆ. “ಗೊತ್ತೈತ್ರಿ,” ಎಂದ. ಹೇಗೆ ಎಂದೆ. “ಗದ್ದಕ್ಕ ಪಟ್ಟಿ ಬಿಗದು ಹೆಲ್ಮೆಟ್ ಹಾಕ್ಕೊಳ್ಳಾವ್ರು ಇಡೀ ಕೊಪ್ಪಳದಾಗ ನೀವೊಬ್ರ. ಅಲ್ಲಿ ನಿಂತ್ರಿ. ಸರ ನಿಂತ್ರು, ಬರ್ತಾರ ಅಂತ ಮಾಡಿದ್ದೆ.” ಅಷ್ಟು ಹೇಳಿ ಗೋಡೆಯ ಕಡೆ ನೋಡಿದ. ಹಾಗಾದರೆ ಜನಕ್ಕೆ ಮೆಹಬೂಬನಲ್ಲ ಎಂದು ಏಕೆ ಹೇಳಲಿಲ್ಲ ಎಂದು ಕೇಳಿದೆ. “ನನ್ನ ಯಾರು ಕೇಳಿದ್ರು ರೀ?” ಎಂದ. ಹಾಲಿಗೆ ಮೂರು ವಾರ ಯಾರು ಹೋಗುತ್ತಾರೆ ಎಂದು ಕೇಳುವ ಧೈರ್ಯ ಬರಲು ಇನ್ನೊಂದು ನಿಮಿಷ ಬೇಕಾಯಿತು. ಸ್ಕೂಟರಿನಲ್ಲಿ ನಾನೇ ಮನೆಮನೆಗೆ ಕೊಟ್ಟು ಬರುತ್ತೇನೆಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಧಾನ ಹೋಗ್ರಿ ಮತ್ತ,” ಎಂದ. ಮೂರು ವಾರ ಹೋದೆ. ವೇಳಾಪಟ್ಟಿಗೆ ಮೊದಲ ಬಾರಿ ಅಂಟುಚೀಟಿ ಬಿತ್ತು.

ಆವತ್ತು ಆಸ್ಪತ್ರೆಯಿಂದ ನೇರ ಠಾಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಬರೆಯುವಾಗ ಗುದ್ದಿದ ವೇಳೆ, ನಿಂತ ದೂರ ಎಲ್ಲ ಸರಿಯಾಗಿ ಬಂತು. ‘ಆಮೇಲೆ ನಾನು’ ಎಂದು ಬರೆದು ಪೆನ್ನು ನಿಂತಿತು. ಪೇದೆ, “ಗಾಬರಿಯಿಂದ ಮುಂದೆ ಸಾಗಿದೆ ಅಂತ ಬರೀರಿ ಸರ,” ಎಂದು ಪ್ರೀತಿಯಿಂದ ಸೂಚಿಸಿದ. ನಾನು ‘ಓಡಿದೆ’ ಎಂದು ಬರೆದು ಸಹಿ ಹಾಕಿದೆ.

ಹೊರಗೆ ಬರುವಷ್ಟರಲ್ಲಿ ಬಳಗದಲ್ಲಿ ಹೊಸ ಸುದ್ದಿ ಹಬ್ಬಿತ್ತು. ‘ನಮ್ಮ ಮಾಸ್ತರರ ಪ್ರಾಮಾಣಿಕತೆಗೆ ನಮನಗಳು.’ ಮುಗಿದ ಕೈಗಳು ಸಾಲುಸಾಲು. ಬರುವ ಭಾನುವಾರ ಮೈದಾನದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ಒಬ್ಬರು, ಹಾರವೂ ಇರಲಿ ಎಂದು ಇನ್ನೊಬ್ಬರು. ಮೆಹಬೂಬನ ಫೋಟೋ ಮಾತ್ರ ಹಾಗೇ ಇತ್ತು. ಅದು ಆಗಲೇ ಗಂಗಾವತಿಗೆ ಹೋಗಿ, ಅಕ್ಕಿ ಚೀಲಗಳ ನಡುವೆ ಕೂತ ನನ್ನ ಭಾವಮೈದುನನಿಂದ ನನಗೇ ತಿರುಗಿ ಬಂದಿತ್ತು: ‘ಮಾಮಾ, ನಿಮ್ಮೂರಾಗ ಡ್ರೈವರ್‌ಗಳ ಆಟ ನೋಡ್ರಿ.’ ಶಾಲನ್ನು ಮೆಹಬೂಬನಿಗೆ ಹೊದಿಸುವುದಾದರೆ ಬರುತ್ತೇನೆಂದು ಬರೆದೆ. ಬಳಗ ಅಂದು ಹಗಲಲ್ಲೇ ಮಲಗಿತು.

ಮಧ್ಯಾಹ್ನ ಎರಡಕ್ಕೆ ಬೇವಿನ ಮರದ ಕೆಳಗೆ ಹೋದೆ. ಮೆಹಬೂಬ ತಾಡಪತ್ರಿಯ ಅಂಚಿನಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಸರಿದು ಜಾಗ ಮಾಡಿಕೊಟ್ಟ. ಕೂತೆ. ತಪ್ಪಾಯಿತು ಎನ್ನಲು ಬಂದವನು ಬೇರೆ ಏನೋ ಕೇಳಿದೆ.

“ನಾನು ಅಂತ ನಿನಗ ಕಂಡಿತ್ತೇನು?”

“ಕಂಡಿತ್ರಿ. ಸರ, ಸರ ಅಂತನ ಕೂಗಿದ್ದು.”

“ಮತ್ತ ಜನಕ್ಕ ಹೇಳಬೇಕಿಲ್ಲೋ?”

ದಾರವನ್ನು ಹಲ್ಲಿನಿಂದ ಕಡಿದ. “ಡ್ರಿಲ್ ಸರ ಗುದ್ದಿ ಓಡಿದ್ರು ಅಂತ ನಾ ಹೇಳಿದ್ರ ಯಾರು ನಂಬ್ತಿದ್ರು ರೀ? ಸುಳ್ಳು ಹೇಳ್ತಾನ ಅಂತ ಇನ್ನೆರಡು ಬೀಳ್ತಿದ್ವು.”

ಸುತ್ತ ಕೂತವರು ನಕ್ಕರು. ಅದರಲ್ಲಿ ನನ್ನ ಮೇಲೆ ಸಿಟ್ಟು ಇರಲಿಲ್ಲ, ಅದೇ ತಡೆದುಕೊಳ್ಳಲು ಕಷ್ಟವಾಯಿತು. ರಸ್ತೆಯಲ್ಲಿ ಒಬ್ಬ ಬೈಕಿನವನು ವೇಗ ಕಡಿಮೆ ಮಾಡಿ ನಮ್ಮ ಕಡೆ ನೋಡಿದ. “ನಿಮ್ಮಿಂದನ ದೇಶ ಹಾಳಾತು ನೋಡ್ರಲೇ!” ಎಂದು ಕೂಗಿದ. ಕೂಗುತ್ತಾ ಅವನ ಕಣ್ಣು ನನ್ನ ಮೇಲೆ ಬಿತ್ತು. ಉಸಿರು ಬದಲಿಸದೆ, “ನಮಸ್ಕಾರ್ರಿ ಸರ!” ಎಂದು ಬಗ್ಗಿ ಹೇಳಿ ಹೊರಟುಹೋದ.

“ನೋಡ್ರಿ ಸರ,” ಎಂದ ಮೆಹಬೂಬ, “ಒಂದ ತಾಡಪತ್ರಿ ಮ್ಯಾಲ ಕುಂತೀವಿ. ಬೈಗುಳ ನಮಗ, ನಮಸ್ಕಾರ ನಿಮಗ.”

ಅಭ್ಯಾಸದಿಂದ ನನ್ನ ಕೈ ತಿರುಗಿ ನಮಸ್ಕಾರ ಮಾಡಲು ಮೇಲೆದ್ದಿತ್ತು. ಅರ್ಧಕ್ಕೆ ನಿಂತಿತು. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ತಪ್ಪಾತೋ ಎಂದು ಮೆಹಬೂಬನ ಹೆಗಲ ಮೇಲೆ ಇಡಹೋದೆ. ನಲವತ್ತೈದು ವರ್ಷದ ಆ ಮನುಷ್ಯ, ಬೆಳಿಗ್ಗೆ ಮೂವತ್ತೆಂಟು ಜನರ ನಡುವೆ ಅಲುಗದೆ ಕೂತಿದ್ದವನು, ನನ್ನ ಕೈ ಹತ್ತಿರ ಬಂದದ್ದನ್ನು ಕಂಡದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಪಕ್ಕಕ್ಕೆ ಬಾಗಿದ.